ಕಾರಿನ ಹಿಂದೆ ಒಂದು ಹಾಸಿಗೆ

ನಮ್ಮ ಕಾರಿನ ಹಿಂಬದಿಯಲ್ಲಿ, ನಂಬರ್ ಪ್ಲೇಟಿನ ಕೆಳಗೆ, ದೊಡ್ಡ ನಿಂಬೆಹಣ್ಣಿನಷ್ಟಿರುವ ಒಂದು ಕಬ್ಬಿಣದ ಗುಂಡು ಹೊರಕ್ಕೆ ಚಾಚಿಕೊಂಡಿದೆ. ತರಕಾರಿ ಚೀಲ ಇಡಲು ಡಿಕ್ಕಿ ತೆಗೆಯಹೋದಾಗಲೆಲ್ಲ ಅದು ನನ್ನ ಮೊಣಕಾಲಿನ ಕೆಳಗಿನ ಮೂಳೆಗೆ ಸರಿಯಾಗಿ ಬಡಿಯುತ್ತದೆ. ಬಡಿಸಿಕೊಂಡು, ಒಂದೇ ಕಾಲಿನ ಮೇಲೆ ಕುಣಿದು, ಆಮೇಲೆ ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸುವುದು ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿನ ಕಾಂಪೌಂಡಿನಲ್ಲಿ ನನ್ನ ನಿತ್ಯದ ವ್ಯಾಯಾಮ. ಗ್ಯಾರೇಜಿನವನು ಸರ್ವಿಸಿಂಗಿಗೆ ಬಿಟ್ಟಾಗಲೆಲ್ಲ ಇದನ್ನು ತೆಗೆದುಬಿಡಲೇ ಎಂದು ಕೇಳುತ್ತಾನೆ: "ಅಂಕಲ್, ಯೇ ನಿಕಾಲ್ ದೂಂ ಕ್ಯಾ?" ಮುಂದಿನ ಸಲ ನೋಡೋಣ ಎನ್ನುತ್ತೇನೆ. ಮುಂದಿನ ಸಲವೂ ಅದನ್ನೇ ಎನ್ನುತ್ತೇನೆ.

ಆ ಗುಂಡು ಇರುವುದು ಕಾರಿನ ಹಿಂದೆ ಒಂದು ಟ್ರೈಲರನ್ನು ಕೊಂಡಿ ಹಾಕಿ ಎಳೆಯುವುದಕ್ಕೆ. ಟ್ರೈಲರ್ ಎಂದರೆ ನೀವು ಬಂದರಿನ ಕಂಟೇನರುಗಳನ್ನು ಹೊತ್ತು ವಡಾಲದ ರಸ್ತೆ ತುಂಬ ಉಸಿರುಗಟ್ಟಿ ನಿಲ್ಲುವ ರಾಕ್ಷಸಗಳನ್ನು ನೆನೆಯಬೇಡಿ. ನನ್ನದು ಎರಡು ಚಕ್ರದ ಸಣ್ಣ ಡಬ್ಬಿ. ಒಳಗೆ ಇಬ್ಬರು ಮಲಗುವ ಹಾಸಿಗೆ, ತಲೆಯ ಹತ್ತಿರ ಒಂದು ಕಿಟಕಿ, ಹಿಂದಿನ ಮುಚ್ಚಳ ಎತ್ತಿದರೆ ಒಂದು ಒಲೆ, ನೀರಿನ ಕ್ಯಾನು, ನಾಲ್ಕು ಪಾತ್ರೆ ಇಡುವಷ್ಟು ಗೂಡು. ಒಳಗೆ ನಿಲ್ಲಲಾಗದು, ತೆವಳಿಕೊಂಡೇ ಹೋಗಬೇಕು. ನನ್ನ ಹೆಂಡತಿ ಕಸ್ತೂರಿ ಅದನ್ನು ಮೊದಲ ಸಲ ಕಂಡಾಗ, "ಇದೇನ್ರಿ, ಬುತ್ತಿ ಡಬ್ಬಿಗೆ ಗಾಲಿ ಹಚ್ಚ್ಯಾರ" ಎಂದಳು. ಅಂದಿನಿಂದ ಅದರ ಹೆಸರು ಡಬ್ಬಿ ಎಂದೇ ಆಯಿತು.

ಅರವತ್ತು ದಾಟಿದ ಮನುಷ್ಯನಿಗೆ ಇಂಥ ಹುಚ್ಚು ಏಕೆ ಹಿಡಿಯಿತು ಎಂದು ನೀವು ಕೇಳಬಹುದು. ನಮ್ಮ ಮಗಳು ನಿಶಾ ಕೂಡ ಕೇಳಿದಳು. ಅವಳಿಗೆ ಕನ್ನಡ ಬರುತ್ತದೆ, ಆದರೆ ಸಿಟ್ಟು ಬಂದಾಗ ನಡುವೆ ಹಿಂದಿ ನುಗ್ಗುತ್ತದೆ. "ಪಪ್ಪಾ, ಪಾಗಲ್ ಹೋ ಗಯೇ ಹೋ ಕ್ಯಾ? ಪಾರ್ಲೆಯಿಂದ ಮಾಟುಂಗಾ ಹೋಗಕ್ಕೆ ನೀವು ಟ್ಯಾಕ್ಸಿ ಮಾಡ್ತೀರಾ. ಘಾಟ್‌ನಲ್ಲಿ ಟ್ರೈಲರ್ ಎಳೀತೀರಾ?" ಎಂದಳು. ಮಾತು ಸುಳ್ಳಲ್ಲ. ನಾನು ಕೆಲಸ ಮಾಡಿದ್ದು ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ. ಯಾವ ಪೆಟ್ಟಿಗೆ ವಿಮಾನದ ಹೊಟ್ಟೆಯಲ್ಲಿ ಎಲ್ಲಿ ಕೂರಬೇಕು ಎಂದು ಬದುಕಿಡೀ ಲೆಕ್ಕ ಹಾಕಿದವನು. ಸ್ವಂತ ಕಾರನ್ನು ಮಾತ್ರ ಭಾನುವಾರ ಒರೆಸಿ, ಮತ್ತೆ ಮುಸುಕು ಹಾಕಿಡುತ್ತಿದ್ದೆ.

ಕಾರಣ ಕಸ್ತೂರಿಯ ಉಸಿರು. ಅವಳು ವಡಾಲದ ಒಂದು ಶಾಲೆಯಲ್ಲಿ ಕನ್ನಡ ಟೀಚರ್ ಆಗಿದ್ದಳು. ಶಾಲೆಯಲ್ಲಿ ಕನ್ನಡದ ಮಕ್ಕಳು ಕಡಿಮೆಯಾಗುತ್ತ ಹೋದಂತೆ ಇವಳ ಕೆಮ್ಮು ಹೆಚ್ಚಾಗುತ್ತ ಹೋಯಿತು. ಸೀಮೆಸುಣ್ಣದ ಧೂಳು ಎಂದುಕೊಂಡೆವು. ನಿವೃತ್ತಿಯಾದರೂ ಕೆಮ್ಮು ನಿವೃತ್ತಿಯಾಗಲಿಲ್ಲ. ಶ್ವಾಸಕೋಶ ಗಟ್ಟಿಯಾಗುತ್ತಿದೆ, ಒಮ್ಮೆ ಗಟ್ಟಿಯಾದದ್ದು ಮತ್ತೆ ಮೆತ್ತಗಾಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಮನೆಗೆ ಬರುವಾಗ ರಿಕ್ಷಾದಲ್ಲಿ ಅವಳೇ ನನಗೆ ಬಿಡಿಸಿ ಹೇಳಿದಳು: "ಒಣಗಿದ ಹೀರಿಕಾಯಿ ಐತಲ್ಲರಿ, ಮೈ ತಿಕ್ಕೋದು, ಹಂಗ ಆಗೇತಂತ." ಪಾಠ ಮಾಡುವ ದನಿಯಲ್ಲೇ ಹೇಳಿದಳು.

ಅದೇ ಹೊತ್ತಿಗೆ ನಮ್ಮ ಪಕ್ಕದ ಬಿಲ್ಡಿಂಗನ್ನು ಒಡೆಯಲು ಶುರುಮಾಡಿದರು. ಈಗ ಪಾರ್ಲೆಯಲ್ಲಿ ನೀವು ಯಾವ ಓಣಿಗೆ ಹೋದರೂ ಒಂದು ಬಿಲ್ಡಿಂಗು ಬೀಳುತ್ತಿರುತ್ತದೆ, ಒಂದು ಏಳುತ್ತಿರುತ್ತದೆ. ಹಸಿರು ಪರದೆ ಕಟ್ಟುತ್ತಾರೆ, ನೀರು ಚಿಮುಕಿಸುತ್ತಾರೆ, ಆದರೂ ಧೂಳಿಗೆ ಅದರದೇ ದಾರಿ. ಕಿಟಕಿ ಮುಚ್ಚಿ ಸಂದಿಗೆ ಬಟ್ಟೆ ತುರುಕಿದರೂ ಫ್ರಿಜ್ಜಿನ ಮೇಲೆ ಬೆರಳಿನಿಂದ ಹೆಸರು ಬರೆಯಬಹುದಿತ್ತು. ಕಸ್ತೂರಿ ಬರೆಯುತ್ತಿದ್ದಳು ಕೂಡ. ಅಡಿಗೆಮನೆಗೆ ಹೋದರೆ ಫ್ರಿಜ್ಜಿನ ಮೇಲೆ ದುಂಡಗಿನ ಅಕ್ಷರದಲ್ಲಿ "ಹಾಲು ತರ್ರಿ" ಎಂದಿರುತ್ತಿತ್ತು. ಮೂಗಿಗೆ ಆಮ್ಲಜನಕದ ನಳಿಕೆ, ಪಕ್ಕದಲ್ಲಿ ಅದರ ಸಣ್ಣ ಯಂತ್ರ ಬಂದ ಮೇಲೆ ಅವಳಿಗೆ ಮಾತು ದುಬಾರಿಯಾಗಿತ್ತು, ಬರಹ ಅಗ್ಗ.

"ಸಾಧ್ಯವಾದಾಗಲೆಲ್ಲ ಊರ ಹೊರಗೆ ಹೋಗಿ ಇರಿ" ಎಂದರು ಡಾಕ್ಟರು. ಲಾಡ್ಜುಗಳಿಗೆ ಹೋಗಿ ನೋಡಿದೆವು. ಒಂದರಲ್ಲಿ ಮೆಟ್ಟಿಲು, ಇನ್ನೊಂದರಲ್ಲಿ ರೂಮಿಗೆ ಹೊಡೆದ ಸುಗಂಧ, ಎರಡೂ ಅವಳಿಗೆ ವಿಷ. ಇಗತ್‌ಪುರಿಯ ಬಳಿ ನನ್ನ ಜೊತೆ ಕೆಲಸ ಮಾಡಿದ ಒಬ್ಬನ ಖಾಲಿ ಜಮೀನಿತ್ತು. ಕರೆಂಟು ಉಂಟು, ಬಾವಿ ಉಂಟು, ಮನೆ ಇಲ್ಲ. ಅಲ್ಲಿಗೆ ಹಾಸಿಗೆಯನ್ನೇ ಕೊಂಡೊಯ್ದರೆ ಹೇಗೆ ಎಂಬ ಯೋಚನೆ ನನ್ನ ತಲೆಗೆ ಬಂದದ್ದು ಹೀಗೆ.

ಡಬ್ಬಿಯನ್ನು ಕಟ್ಟಿಕೊಟ್ಟವನು ಭಿವಂಡಿಯಲ್ಲಿ ಶೆಡ್ಡು ಇಟ್ಟಿದ್ದ ಒಬ್ಬ ಎಂಜಿನಿಯರು. ಮಾತು ಜಾಸ್ತಿ, ಆದರೆ ಮಾತೆಲ್ಲ ಟ್ರೈಲರಿನದೇ. ಕಸ್ತೂರಿಗೆ ತಲೆ ಎತ್ತರದಲ್ಲಿರಬೇಕು ಎಂದಾಗ ಹಾಸಿಗೆಯ ತಲೆಭಾಗವನ್ನು ಆರಾಮಕುರ್ಚಿಯ ಹಾಗೆ ಏರಿಸಿ ನಿಲ್ಲಿಸುವಂತೆ ಮಾಡಿಕೊಟ್ಟ. ಕೀಲಿ ಕೈಗಿಡುವ ಮೊದಲು ನಮ್ಮಿಬ್ಬರನ್ನೂ ಕೂರಿಸಿ ಪಾಠ ಹೇಳಿದ. ಭಾರವಾದದ್ದೆಲ್ಲ ಚಕ್ರಕ್ಕಿಂತ ಸ್ವಲ್ಪ ಮುಂದೆ, ಕೆಳಗೆ. ಹಿಂದೆ ಭಾರವಾದರೆ ಬಾಲ ಆಡಿಸುತ್ತದೆ. ಕೊಂಡಿ ಕೂತ ಮೇಲೆ ಎತ್ತಿ ಜಗ್ಗಿ ನೋಡಿ. ಕೆಳಗಿನ ಎರಡು ಸರಪಳಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಹಾಕಿ. ಲೈಟಿನ ವಯರು ಚುಚ್ಚಿ ಒಬ್ಬರು ಬ್ರೇಕ್ ಒತ್ತಿ, ಇನ್ನೊಬ್ಬರು ಹಿಂದೆ ನಿಂತು ನೋಡಿ. ಇಳಿಜಾರಿನಲ್ಲಿ ಮೊದಲೇ ಸಣ್ಣ ಗೇರಿಗೆ ಬನ್ನಿ. ಡಬ್ಬಿ ಅಲ್ಲಾಡತೊಡಗಿದರೆ ಗಾಬರಿಯಲ್ಲಿ ಬ್ರೇಕ್ ತುಳಿಯಬೇಡಿ, ಸ್ಟೇರಿಂಗ್ ತಿರುಗಿಸಬೇಡಿ, ಆಕ್ಸಿಲರೇಟರಿನಿಂದ ಕಾಲು ತೆಗೆದು ನೇರ ಹಿಡಿಯಿರಿ.

"ಆಣಿ ಏಕ್ ಗೋಷ್ಟ್," ಇನ್ನೊಂದು ವಿಷಯ, ಎಂದು ಕೊನೆಗೆ ಕಸ್ತೂರಿಯ ಕಡೆ ತಿರುಗಿದ. "ಗಾಡಿ ಓಡುವಾಗ ಒಳಗೆ ಯಾರೂ ಇರಬಾರದು. ಐದು ನಿಮಿಷಕ್ಕೂ ಇಲ್ಲ. ಇದು ನಿಂತಾಗ ಮನೆ, ಓಡುವಾಗ ಸಾಮಾನು."

ನನಗೆ ಈ ಹಿಂದೆ-ಮುಂದೆ ಭಾರದ ಮಾತು ಕೇಳಿ ಬೈಕುಲ್ಲಾ ನೆನಪಾಯಿತು. ನೆನಪಾದದ್ದನ್ನು ಹೇಳದೆ ಬಿಡುವ ಅಭ್ಯಾಸ ನನಗಿಲ್ಲ, ಕ್ಷಮಿಸಿ. ನಮ್ಮ ತಂದೆ ಉಡುಪಿ ಕಡೆಯಿಂದ ಬಂದು ಬೈಕುಲ್ಲಾ ಮಾರ್ಕೆಟಿನ ಹತ್ತಿರ ಸಣ್ಣ ಹೋಟೆಲು ಇಟ್ಟಿದ್ದರು. ಬೆಳಿಗ್ಗೆ ಬಟಾಟೆ, ನೀರುಳ್ಳಿ ತರಲು ನನ್ನ ಚಿಕ್ಕಪ್ಪ ಕೈಗಾಡಿ ತೆಗೆದುಕೊಂಡು ಹೋಗುತ್ತಿದ್ದರು. ಅವರು ಸಪೂರ ಮನುಷ್ಯ, ಗಾಳಿ ಬಂದರೆ ಅಂಗಿ ಮಾತ್ರ ಕಾಣುತ್ತಿತ್ತು. ಒಮ್ಮೆ ಅವಸರದಲ್ಲಿ ಮೂಟೆಗಳನ್ನೆಲ್ಲ ಗಾಡಿಯ ಹಿಂಭಾಗಕ್ಕೆ ಒಟ್ಟಿದರು. ಮುಂದೆ ಬಂದು ನೊಗ ಹಿಡಿದು ಜಗ್ಗಿದ ಕೂಡಲೇ ಗಾಡಿ ಹಿಂದಕ್ಕೆ ವಾಲಿ, ಚಿಕ್ಕಪ್ಪ ನೊಗದ ಸಮೇತ ಆಕಾಶಕ್ಕೆ ಎದ್ದರು. ಕಾಲು ಎರಡೂ ಗಾಳಿಯಲ್ಲಿ ಒದ್ದಾಡುತ್ತಿದ್ದವು, ಆದರೆ ನೊಗವನ್ನು ಮಾತ್ರ ಬಿಡಲಿಲ್ಲ. ಇಡೀ ಮಾರ್ಕೆಟು ನಕ್ಕಿತು. ಮರುದಿನದಿಂದ ಅವರು ನನ್ನನ್ನು ಕರೆದುಕೊಂಡು ಹೋಗಿ ಗಾಡಿಯ ಮುಂಭಾಗದಲ್ಲಿ ಕೂರಿಸತೊಡಗಿದರು. ಕೂತಿರುವುದೊಂದೇ ನನ್ನ ಕೆಲಸ. ಹೀಗೆ ನನ್ನ ಜೀವನದ ಮೊದಲ ಉದ್ಯೋಗ ಭಾರವಾಗಿರುವುದು. ಮುಂದೆ ವಿಮಾನದ ಸರಕಿನ ಕೆಲಸ ಸಿಕ್ಕಿದಾಗ ಚಿಕ್ಕಪ್ಪ, "ಕಲಿಸಿದವನು ನಾನು" ಎಂದು ಊರೆಲ್ಲ ಹೇಳಿಕೊಂಡು ಬಂದರು.

ಕಸ್ತೂರಿಗೂ ಒಂದು ಗಾಡಿಯ ನೆನಪಿತ್ತು. ಅದು ಇದಕ್ಕಿಂತ ಆಳದ್ದು. ಅವಳ ತಂದೆ ತಾಯಿ ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಒಂದು ಬಿಲ್ಡಿಂಗು ಮುಗಿದರೆ ತಗಡಿನ ಗುಡಿಸಲನ್ನು ಬಿಚ್ಚಿ, ತಗಡು, ಕೊಡ, ಕೌದಿ ಎಲ್ಲವನ್ನೂ ಲಾರಿಗೆ ಏರಿಸಿ ಮುಂದಿನ ಸೈಟಿಗೆ. ದೊಡ್ಡವರು ಅಂಚಿನಲ್ಲಿ ಕೂತರೆ, ಮಗುವಾಗಿದ್ದ ಇವಳನ್ನು ಎಲ್ಲಕ್ಕಿಂತ ಮೇಲೆ ಕೌದಿಗಳ ಮೇಲೆ ಮಲಗಿಸುತ್ತಿದ್ದರಂತೆ. "ಮ್ಯಾಲ ನೋಡಿದ್ರ ಬರೇ ಆಕಾಶರಿ. ಬಿಲ್ಡಿಂಗ್‌ನ ತುದಿ ಅಷ್ಟ ಹಿಂದ ಹಿಂದ ಸರಕೋತ ಹೋಗ್ತಿದ್ವು. ನಾ ಮಲಗಿರ್ತಿದ್ದೆ, ಊರ ನಡೀತಿತ್ತು" ಎಂದು ಅವಳು ಹಿಂದೆ ಎಷ್ಟೋ ಸಲ ಹೇಳಿದ್ದಳು. ಮಹಲುಗಳನ್ನು ಕಟ್ಟಿದವರ ಮಗಳು ಮಹಲುಗಳ ಧೂಳಿನಿಂದ ಉಸಿರು ಕಳೆದುಕೊಳ್ಳುತ್ತಿದ್ದಾಳೆ ಎಂದು ನಾನು ಒಮ್ಮೆ ದೊಡ್ಡದಾಗಿ ಹೇಳಿದ್ದಕ್ಕೆ, "ಭಾಷಣ ಮಾಡಬ್ಯಾಡ್ರಿ, ಮಷಿನ್ ಫಿಲ್ಟರ್ ತೊಳೀರಿ" ಎಂದಿದ್ದಳು.

ಹಾಗಾಗಿ ಎಂಜಿನಿಯರು ಪಾಠ ಮುಗಿಸಿದಾಗ ಅವಳ ಮುಖ ಬಾಡಿದ್ದು ನನಗೆ ಕಂಡಿತು. ಅವಳು ಅಷ್ಟು ಹೊತ್ತೂ ಮನಸ್ಸಿನಲ್ಲಿ ಆ ಹಾಸಿಗೆಯ ಮೇಲೆ ಮಲಗಿಕೊಂಡೇ ಇಗತ್‌ಪುರಿಗೆ ಹೊರಟಿದ್ದಳು.

ಡಬ್ಬಿಗೆ ನಮ್ಮ ಕಾಂಪೌಂಡಿನಲ್ಲಿ ಜಾಗ ಸಿಗಲಿಲ್ಲ. ವಡಾಲದಲ್ಲಿ ಲಾರಿಗಳು ನಿಲ್ಲುವ ಒಂದು ಖಾಲಿ ಅಂಗಳದ ಮೂಲೆ ಸಿಕ್ಕಿತು. ಅಲ್ಲೇ ನನ್ನ ಅಭ್ಯಾಸವೂ ಆಯಿತು. ಮುಂದೆ ಹೋಗುವುದು ದೊಡ್ಡದಲ್ಲ, ತಿರುವಿನಲ್ಲಿ ಸ್ವಲ್ಪ ಅಗಲಕ್ಕೆ ತಿರುಗಿಸಿದರೆ ಸಾಕು. ಹಿಂದಕ್ಕೆ ಹೋಗುವುದೇ ನರಕ. ನೀವು ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದರೆ ಡಬ್ಬಿ ಎಡಕ್ಕೆ ಹೋಗುತ್ತದೆ, ಎಡಕ್ಕೆ ತಿರುಗಿಸಿದರೆ ಬಲಕ್ಕೆ. ಸರಿಮಾಡಲು ಹೋದರೆ ಎರಡೂ ಮಡಚಿಕೊಂಡು ಒಂದರ ಮುಖ ಒಂದು ನೋಡುತ್ತ ನಿಲ್ಲುತ್ತವೆ. ಕಸ್ತೂರಿ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತು, ಉಸಿರಿನ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು, ಕೈಯಿಂದ ಸನ್ನೆ ಮಾಡುತ್ತಿದ್ದಳು. ನಾನು ತಪ್ಪಿದಾಗಲೆಲ್ಲ ಅವಳು ಹಣೆಗೆ ಕೈ ಹಚ್ಚಿಕೊಳ್ಳುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಲಾರಿಯವರು ಊಟದ ಡಬ್ಬಿ ಹಿಡಿದು ನಮ್ಮ ಆಟ ನೋಡಲು ಬಂದು ಕೂರುತ್ತಿದ್ದರು.

ಆ ಚಳಿಗಾಲದಲ್ಲಿ ನಾವು ಕೆಲವು ಸಲ ಹೋಗಿ ಬಂದೆವು. ವಡಾಲದಿಂದ ಹೊರಟು, ಠಾಣೆ, ಭಿವಂಡಿ ದಾಟಿ, ನಾಸಿಕದ ಹೆದ್ದಾರಿಯಲ್ಲಿ ಎಲ್ಲರಿಂದ ಹಿಂದೆ ಹಾಕಿಸಿಕೊಳ್ಳುತ್ತ, ಕಸಾರಾ ಘಾಟಿ ಏರಿ. ಎಲ್ಲಿ ನಿಂತರೂ ನಾನು ಇಳಿದು ಕೊಂಡಿ, ಸರಪಳಿ, ಟೈರು ಮುಟ್ಟಿ ನೋಡುತ್ತಿದ್ದೆ. "ಗಣಪತಿಗೆ ಪ್ರದಕ್ಷಿಣಿ ಹಾಕಿದಂಗ ಹಾಕ್ತೀರಲ್ಲ" ಎಂದು ಅವಳು ಅಣಕಿಸುತ್ತಿದ್ದಳು. ಜಮೀನಿಗೆ ತಲುಪಿ, ಚಕ್ರಕ್ಕೆ ಮರದ ತುಂಡು ಕೊಟ್ಟು, ಕಾರು ಬಿಡಿಸಿ, ಯಂತ್ರವನ್ನು ಕರೆಂಟಿಗೆ ಹಚ್ಚಿ, ಅವಳನ್ನು ಹಾಸಿಗೆಯ ಮೇಲೆ ಒರಗಿಸಿ ಬಾಗಿಲು ತೆರೆದಿಟ್ಟರೆ ಮುಗಿಯಿತು. ಎರಡನೇ ದಿನಕ್ಕೆ ಅವಳ ಕೆಮ್ಮು ತಗ್ಗುತ್ತಿತ್ತು. ತುಟಿಯ ನೀಲಿ ಹೋಗಿ ಸ್ವಲ್ಪ ಬಣ್ಣ ಬರುತ್ತಿತ್ತು. ಒಂದು ಬೆಳಿಗ್ಗೆ ನಳಿಕೆ ತೆಗೆದಿಟ್ಟು ಬಾವಿಯ ತನಕ ತಾನೇ ನಡೆದುಹೋಗಿ, ಅಲ್ಲಿಂದ ನನ್ನನ್ನು ಹೆಸರು ಹಿಡಿದು ಕರೆದಳು. ಮದುವೆಯಾದ ಮೇಲೆ ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದು ಅದೊಂದೇ ಸಲ. ಅಷ್ಟು ದೂರಕ್ಕೆ ಕೇಳುವ ಹಾಗೆ ಕೂಗಬಲ್ಲೆನೇ ಎಂದು ಪರೀಕ್ಷೆ ಮಾಡಿದೆ ಎಂದಳು.

ಆದರೆ ಹೋಗುವ ದಾರಿ, ಬರುವ ದಾರಿ ಅವಳಿಗೆ ಹಿಂಸೆ. ಕಾರಿನ ಸೀಟಿನಲ್ಲಿ ಗಂಟೆಗಟ್ಟಲೆ ಕೂತು ಬೆನ್ನು ಕುಸಿಯುತ್ತಿತ್ತು. ಹಿಂದಿನ ಸೀಟಿನಲ್ಲಿ ಮಲಗಿಸಿ ನೋಡಿದೆ. ಕಾಲು ಮಡಚಿ ಮುದುಡಿಕೊಂಡರೆ ಎದೆ ಒತ್ತಿ ಕೆಮ್ಮು ಹೆಚ್ಚಿತು. ಕನ್ನಡಿಯಲ್ಲಿ ನೋಡಿದರೆ ಅವಳ ಅಳತೆಗೆ ಹೇಳಿ ಮಾಡಿಸಿದ ಹಾಸಿಗೆ ಖಾಲಿಯಾಗಿ ನಮ್ಮ ಹಿಂದೆಯೇ ಬರುತ್ತಿತ್ತು. ಪ್ರತಿ ಸಲವೂ ಅವಳು ಕೇಳುತ್ತಿದ್ದಳು, ಪ್ರತಿ ಸಲವೂ ನಾನು ಇಲ್ಲ ಎನ್ನುತ್ತಿದ್ದೆ.

ಕೊನೆಯ ಸಲ ವಾಪಸು ಬರುವಾಗ ಅವಳ ಸ್ಥಿತಿ ಚೆನ್ನಾಗಿರಲಿಲ್ಲ. ಮರುದಿನ ಡಾಕ್ಟರ ಹತ್ತಿರ ತೋರಿಸುವುದಿತ್ತು. ಬೆಳಗಿನಿಂದ ಕೆಮ್ಮಿ ಕೆಮ್ಮಿ ಪಕ್ಕೆ ಹಿಡಿದುಕೊಂಡಿತ್ತು. ಘಾಟಿ ಇಳಿಯುವುದಕ್ಕೆ ಮೊದಲು ಚಹಾದ ಅಂಗಡಿಯೊಂದರ ಬಳಿ ನಿಲ್ಲಿಸಿದೆ. ನಾನು ಎಂದಿನ ಪ್ರದಕ್ಷಿಣೆ ಮುಗಿಸಿ ಬರುವಷ್ಟರಲ್ಲಿ ಅವಳು ಕಾರಿನಿಂದ ಇಳಿದು, ಯಂತ್ರವನ್ನು ಎದೆಗೆ ಅವಚಿಕೊಂಡು, ಡಬ್ಬಿಯ ಬಾಗಿಲಿಗೆ ಒರಗಿ ನಿಂತಿದ್ದಳು.

"ಬಾಗ್ಲಾ ತೆಗೀರಿ" ಎಂದಳು. "ನನಗ ಕುಂದ್ರಾಕ ಆಗವಲ್ದು."

"ಇಲ್ಲ ಮಾರಾಯ್ತಿ. ಘಾಟಿ ಇಳಿದರೆ ಆಯ್ತು. ಕೆಳಗೆ ಸ್ವಲ್ಪ ಹೊತ್ತು ನಿಲ್ಲಿಸಿ ಮಲಗುವಿಯಂತೆ."

"ಕೆಳಗ ಯಾಕ? ಈಗ ಮಲಕೋತೀನಿ."

"ಓಡುವಾಗ ಒಳಗೆ ಯಾರೂ ಇರಬಾರದು. ನಿನ್ನ ಎದುರೇ ಹೇಳಿದ್ದಾನಲ್ಲ ಅವನು."

"ಆಂಬುಲನ್ಸಿನ್ಯಾಗ ಮಲಗಿಸಿ ಒಯ್ಯೂದಿಲ್ಲೇನು? ನಾ ಸತ್ತ ಮ್ಯಾಲ ಮಲಗಿಸಿ ಒಯ್ತೀರಿ, ಜೀವ ಇದ್ದಾಗ ಆಗೂದಿಲ್ಲೇನು?" ಅಷ್ಟು ಮಾತಿಗೇ ಅವಳಿಗೆ ಉಸಿರು ಸಾಲದೆ ಬಾಯಿ ತೆರೆದು ನಿಂತಳು.

ಚಹಾ ಕುಡಿಯುತ್ತಿದ್ದವರು ನಮ್ಮ ಕಡೆ ತಿರುಗಿದರು. ನನಗೆ ಕಿಸೆಯಲ್ಲಿ ಕೀಲಿ ಸಿಕ್ಕಿತು. ಅದನ್ನು ಹೊರಕ್ಕೆ ತೆಗೆದದ್ದೂ ಹೌದು. ಘಾಟಿ ಎಷ್ಟು ಮಹಾ ಉದ್ದ, ನಿಧಾನ ಹೋಗುವ, ಏನಾಗುತ್ತದೆ ಎಂದು ಅನಿಸಿದ್ದೂ ಹೌದು. ಆದರೆ ಒಳಗೆ ಅವಳಿಗೆ ಉಸಿರು ಸಿಕ್ಕಿಕೊಂಡರೆ ನನಗೆ ಕೇಳುವುದಿಲ್ಲ ಎಂಬುದೊಂದು ಹೆದರಿಕೆ. ಜೊತೆಗೆ, ಕಟ್ಟಿಡದ ಸರಕು ತಿರುವಿನಲ್ಲಿ ಏನಾಗುತ್ತದೆ ಎಂದು ಬದುಕಿಡೀ ನೋಡಿದವನು ನಾನು. ಕೀಲಿಯನ್ನು ಮತ್ತೆ ಕಿಸೆಗೆ ಹಾಕಿ, "ಕಾರಲ್ಲಿ ಕೂತ್ಕೋ" ಎಂದೆ. ಮೆತ್ತಗೆ ಹೇಳಬಹುದಿತ್ತು, ಗಟ್ಟಿಯಾಗಿ ಹೇಳಿದೆ. ಅವಳು ನನ್ನ ಕೈ ಹಿಡಿಯದೆ, ಡಬ್ಬಿಯ ಮೈ ಹಿಡಿದು, ಆಮೇಲೆ ಕಾರಿನ ಮೈ ಹಿಡಿದು, ಹೆಜ್ಜೆ ಹೆಜ್ಜೆಗೂ ನಿಂತು ನಡೆದು ಮುಂದಿನ ಸೀಟಿನಲ್ಲಿ ಕೂತಳು. ನಾನು ಬೆಲ್ಟು ಹಾಕಲು ಬಾಗಿದಾಗ ಮುಖ ಆ ಕಡೆ ತಿರುಗಿಸಿಕೊಂಡಳು.

ಇಳಿಜಾರಿನಲ್ಲಿ ನಾನು ಸಣ್ಣ ಗೇರಿನಲ್ಲೇ ಇದ್ದೆ. ಎಡದ ಅಂಚು ಹಿಡಿದು ಹೋಗುತ್ತಿದ್ದೆ. ಇದನ್ನು ನನ್ನ ಜಾಣತನ ಹೇಳಿಕೊಳ್ಳಲು ಬರೆಯುತ್ತಿಲ್ಲ. ಮಾಡಬೇಕಾದದ್ದೆಲ್ಲ ಮಾಡಿದರೂ ಆಗುವುದು ಆಗುತ್ತದೆ ಎನ್ನುವುದು ಅಲ್ಲಿಯ ತನಕ ನನಗೆ ಗೊತ್ತಿರಲಿಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಒಂದು ತಿರುವು ದಾಟಿದ ಕೂಡಲೇ ಹಿಂದಿನಿಂದ ಒಂದು ಖಾಸಗಿ ಬಸ್ಸು ಹಾರ್ನು ಒತ್ತಿಕೊಂಡೇ ಬಂದು, ನಮಗೆ ತಾಗಿತೋ ಎಂಬಷ್ಟು ಹತ್ತಿರದಲ್ಲಿ ರಭಸವಾಗಿ ದಾಟಿಹೋಯಿತು. ಅದು ಎಬ್ಬಿಸಿದ ಗಾಳಿ ಡಬ್ಬಿಯನ್ನು ಮೊದಲು ಆಚೆ ತಳ್ಳಿತು, ಆಮೇಲೆ ಈಚೆ ಸೆಳೆಯಿತು. ಯಾರೋ ನಮ್ಮ ಕಾರಿನ ಬಾಲ ಹಿಡಿದು ಅಲ್ಲಾಡಿಸಿದಂತಾಯಿತು. ಕಾಲು ತೆಗೆದೆ. ಬ್ರೇಕ್ ತುಳಿಯಲಿಲ್ಲ. ನೇರ ಹಿಡಿದೆ. ಸಮತಟ್ಟಿನಲ್ಲಾದರೆ ನಿಲ್ಲುತ್ತಿತ್ತೇನೋ. ಇಳಿಜಾರು ಹಿಂದಿನಿಂದ ನೂಕುತ್ತಲೇ ಇತ್ತು. ಎರಡನೇ ಸಲ ಡಬ್ಬಿ ಇನ್ನೂ ಅಗಲಕ್ಕೆ ಹೋಯಿತು, ಮೂರನೇ ಸಲ ಕನ್ನಡಿಯಲ್ಲಿ ಅದರ ಪೂರ್ತಿ ಪಕ್ಕೆಯೇ ಕಂಡಿತು. ರಸ್ತೆಯಂಚಿನ ಗಿಡ್ಡ ಗೋಡೆಗೆ ಬಡಿದು ಮಗ್ಗುಲಾಗಿ ಬಿತ್ತು. ಕೊಂಡಿ ಮುರಿದ ಸದ್ದು ಪಟಾಕಿಯಂತೆ ಕೇಳಿತು. ಅಡ್ಡಡ್ಡ ಹಾಕಿದ ಸರಪಳಿಗಳು ಬಿಡಲಿಲ್ಲ. ಅವು ಕಾರನ್ನು ಹಿಂದಕ್ಕೆ ಜಗ್ಗಿ ಗೋಡೆಗೆ ಒರಗಿಸಿ ನಿಲ್ಲಿಸಿದವು.

ನಿಂತಿತಲ್ಲ ಎಂದುಕೊಂಡ ಹೊತ್ತಿಗೆ ಮೇಲಿನಿಂದ ನೀರುಳ್ಳಿ ಲಾರಿಯೊಂದು ಬಂತು. ಡ್ರೈವರು ಬ್ರೇಕ್ ಒತ್ತಿದ ಸದ್ದು ಬಹಳ ಹೊತ್ತು ಕೇಳಿತು. ರಸ್ತೆಗೆ ಅಡ್ಡ ಬಿದ್ದಿದ್ದ ಡಬ್ಬಿಯ ಮುಂಭಾಗದ ಪಕ್ಕೆಗೆ ಲಾರಿಯ ಮೂತಿ ಹೊಕ್ಕು ನಿಂತಿತು. ಮೇಲಿನ ಮೂಟೆಗಳು ಹರಿದು ನೀರುಳ್ಳಿಗಳು ರಸ್ತೆ ತುಂಬ ಉರುಳುತ್ತ ನಮ್ಮ ಕಾರಿನ ಅಡಿಯಿಂದ ಹಾದು ಘಾಟಿ ಇಳಿಯತೊಡಗಿದವು.

ನಮ್ಮಿಬ್ಬರಿಗೂ ಏನೂ ಆಗಿರಲಿಲ್ಲ. ಕಸ್ತೂರಿಯ ಬೆಲ್ಟು ಹೆಗಲಿಗೆ ಒತ್ತಿ ಕೆಂಪಾಗಿತ್ತು, ಅಷ್ಟೆ. ಮೂಗಿನ ನಳಿಕೆ ಜಾರಿತ್ತು. ಅದನ್ನು ಸರಿಮಾಡಿ ಅವಳನ್ನು ಇಳಿಸಿ ಗೋಡೆಯ ಮೇಲೆ ಕೂರಿಸಿದೆ. ಲಾರಿ ಡ್ರೈವರು ಹಾರಿ ಇಳಿದು ಓಡಿ ಬಂದ. ಅವನ ಮುಖ ಬೂದಿಯಂತಾಗಿತ್ತು. ಡಬ್ಬಿಯ ಕಡೆ ಕೈ ತೋರಿಸುತ್ತ, "ಅಂದರ್ ಕೋಯಿ ಥಾ? ಅಂದರ್ ಕೋಯಿ ಥಾ ಕ್ಯಾ?" ಒಳಗೆ ಯಾರಾದರೂ ಇದ್ದರೇ, ಎಂದು ಕೂಗಿದ.

ನಾನು ಡಬ್ಬಿಯ ಕಡೆ ತಿರುಗಿದೆ. ತಲೆ ಎತ್ತರ ಮಾಡಲು ಏರಿಸಿದ ಆ ಭಾಗ, ಕಿಟಕಿಯ ಪಕ್ಕದ್ದು, ಈಗ ಅಂಗೈಯ ದಪ್ಪಕ್ಕೆ ಚಪ್ಪಟೆಯಾಗಿತ್ತು. ದಿಂಬಿನ ಹತ್ತಿ ಗಾಜಿನ ಚೂರುಗಳ ನಡುವೆ ಹೊರಬಂದಿತ್ತು. ಕಸ್ತೂರಿ ಅದನ್ನೇ ನೋಡುತ್ತ, ಉತ್ತರಕ್ಕಾಗಿ ಕಾಯುತ್ತಿದ್ದ ಡ್ರೈವರಿಗೆ ತೋರುಬೆರಳು ಎತ್ತಿ ಇಲ್ಲ, ಇಲ್ಲ ಎಂದು ಆಡಿಸಿದಳು. ತರಗತಿಯಲ್ಲಿ ತಪ್ಪು ಉತ್ತರ ಹೇಳಿದ ಹುಡುಗನಿಗೆ ಆಡಿಸುವ ಹಾಗೆ. ಅವನು ರಸ್ತೆಯಲ್ಲೇ ಕುಕ್ಕರಿಸಿ ಕೂತು ಅತ್ತುಬಿಟ್ಟ.

ನಿಶಾ ಠಾಣೆಯ ತನ್ನ ಮನೆಯಿಂದ ಟ್ಯಾಕ್ಸಿ ತಂದು ನಮ್ಮನ್ನು ಮನೆಗೆ ಕರೆದೊಯ್ದಳು. ದಾರಿಯಲ್ಲಿ ಬೈಯಲಿಲ್ಲ. ಅಮ್ಮನ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಕೂತಿದ್ದಳು. ಡಬ್ಬಿ ಗುಜರಿಗೆ ಹೋಯಿತು. ನಾನು ಬದುಕಿಸಿದೆ ಎಂಬ ಒಂದು ಹೆಮ್ಮೆ, ಹೇಳಲು ನಾಚಿಕೆಯಾದರೂ, ಕೆಲವು ದಿನ ನನ್ನ ಎದೆಯಲ್ಲಿತ್ತು. ಬಂದವರೆಲ್ಲ ಅದನ್ನೇ ಹೇಳುತ್ತಿದ್ದರು: "ನಿಮ್ಮ ಯಜಮಾನರು ಹಟ ಹಿಡಿದದ್ದಕ್ಕೆ ಬಚಾವಾದಿರಿ ಟೀಚರ್." ಕಸ್ತೂರಿ ನಗುತ್ತಿದ್ದಳು.

ಆಮೇಲೆ ಹೋಗುವುದಕ್ಕೆ ಜಾಗವಿರಲಿಲ್ಲ. ಪಕ್ಕದ ಜಾಗದಲ್ಲಿ ಹೊಸ ಬಿಲ್ಡಿಂಗಿನ ಪಾಯಕ್ಕೆ ನೆಲ ಕೊರೆಯಲು ಶುರುಮಾಡಿದರು. ಮಂಚ ಅದುರುತ್ತಿತ್ತು, ಲೋಟದ ನೀರು ಅದುರುತ್ತಿತ್ತು. ನಿಶಾಳ ಮನೆಯ ಎದುರು ಇದಕ್ಕಿಂತ ದೊಡ್ಡ ಹೊಂಡ ತೋಡಿದ್ದರು. ಬೇಸಿಗೆ ಬಂತು. ಕಸ್ತೂರಿ ಹಾಸಿಗೆಯಿಂದ ಬಚ್ಚಲಿಗೆ ಹೋಗುವುದು ನಿಂತಿತು, ಆಮೇಲೆ ಹಾಸಿಗೆಯಲ್ಲಿ ಏಳುವುದು ನಿಂತಿತು. ಕೊನೆಗೆ ಆಸ್ಪತ್ರೆ. ಮೂಗು ಬಾಯಿ ಮುಚ್ಚುವ ಮುಖವಾಡ ಹಾಕಿ ಯಂತ್ರ ಗಾಳಿಯನ್ನು ಒಳಕ್ಕೆ ನೂಕುತ್ತಿತ್ತು. ಆ ಕಾಯಿಲೆಯಲ್ಲಿ ಪ್ರಜ್ಞೆ ತಪ್ಪುವ ಕರುಣೆ ಬೇಗ ಸಿಗುವುದಿಲ್ಲ. ನೀರಿನಲ್ಲಿ ಮುಳುಗುತ್ತಿರುವವರ ಕಣ್ಣು ಹೇಗಿರುತ್ತದೆಂದು ನೀವು ನೋಡಿಲ್ಲದಿದ್ದರೆ ನೋಡದೆಯೇ ಇರಿ. ನಾನು ವಾರಗಟ್ಟಲೆ ನೋಡಿದೆ.

ಒಂದು ಮಧ್ಯಾಹ್ನ ಊಟಕ್ಕೆಂದು ಮುಖವಾಡ ಸರಿಸಿದ್ದಾಗ ಅವಳು ಒಂದೊಂದೇ ಪದವಾಗಿ ಹೇಳಿದಳು: "ಅವತ್ತ... ಒಳಗ ಮಲಗಿಸಿದ್ರ... ಛಲೋ ಇತ್ತು. ಹಂಗ... ಮುಗದ ಹೋಗ್ತಿತ್ತು."

ಚಮಚದಲ್ಲಿದ್ದ ಗಂಜಿಯನ್ನು ನಾನು ತಟ್ಟೆಗೆ ಸುರಿದೆ. ಅವಳು ಸಿಟ್ಟಿನಿಂದ ಹೇಳಿರಲಿಲ್ಲ, ದುಃಖದಿಂದಲೂ ಅಲ್ಲ. ಸುಮ್ಮನೆ ನಿಜ ಹೇಳಿದ್ದಳು. ನಾನು ಅವಳಿಗೆ ಉಳಿಸಿಕೊಟ್ಟದ್ದು ಇದನ್ನು. ಒಂದು ಬಡಿತದಲ್ಲಿ ಮುಗಿಯುವುದನ್ನು ತಪ್ಪಿಸಿ ಈ ಮಂಚಕ್ಕೆ ತಂದದ್ದು ನಾನು. ಅವಳು ಆಕಾಶ ನೋಡುತ್ತ ಮಲಗಿರುತ್ತಿದ್ದಳು, ಘಾಟಿ ಹಿಂದಕ್ಕೆ ಸರಿಯುತ್ತಿತ್ತು. ಅವಳಿಗೆ ಏನೂ ತಿಳಿಯುತ್ತಿರಲಿಲ್ಲ. ಈ ಲೆಕ್ಕವನ್ನು ನಾನು ಆ ದಿನವೂ ಮಾಡಿದೆ, ಈಗಲೂ ಮಾಡುತ್ತೇನೆ, ಯಾವ ಕಡೆಯಿಂದ ಮಾಡಿದರೂ ಅದು ತೂಗುವುದಿಲ್ಲ.

ಮರುದಿನ ಅದೇ ಹೊತ್ತಿಗೆ ಅವಳು ಮುಖವಾಡ ತೆಗೆಯುವಂತೆ ಸನ್ನೆ ಮಾಡಿದಳು. ನಿನ್ನೆಯ ಮಾತು ನನ್ನನ್ನು ನಿದ್ದೆ ಮಾಡಲು ಬಿಟ್ಟಿಲ್ಲ ಎಂಬುದು ನನ್ನ ಮುಖದಲ್ಲೇ ಬರೆದಿರಬೇಕು.

"ಈಗ ಕೇಳಿದ್ರ?" ಎಂದಳು. "ಬಾಗ್ಲಾ ತೆಗೀರಿ... ಅಂತ ಈಗ ಕೇಳಿದ್ರ?"

ತನ್ನ ಈ ಸ್ಥಿತಿಯನ್ನು ಕಣ್ಣಾರೆ ಕಂಡ ಮೇಲೂ ಇಲ್ಲ ಎನ್ನುತ್ತೀರಾ ಎಂದು ಅವಳು ಕೇಳುತ್ತಿದ್ದಳು. ಸುಳ್ಳು ಹೇಳಬಹುದಿತ್ತು. ಮೂವತ್ತು ವರ್ಷ ಮಕ್ಕಳ ಸುಳ್ಳನ್ನು ಹಿಡಿದವಳ ಮುಂದೆ ಸುಳ್ಳು ನಿಲ್ಲುತ್ತಿರಲಿಲ್ಲ.

"ಈಗ ಕೇಳಿದರೂ ಇಲ್ಲ" ಎಂದೆ.

ಅವಳ ಎದೆ ಏರುತ್ತಿತ್ತು, ಇಳಿಯುತ್ತಿತ್ತು. "ಭಾಳ... ಕೆಟ್ಟ ಮನಷ್ಯಾ" ಎಂದಳು. ಆಮೇಲೆ ಮೊಣಕೈ ಊರಿ, ಇದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿಕೊಂಡು, ಆ ಕಿರಿದಾದ ಮಂಚದ ಅಂಚಿಗೆ ಸ್ವಲ್ಪ ಸ್ವಲ್ಪವೇ ಸರಿದು, ನನಗೆ ಮಲಗಲು ಜಾಗ ಮಾಡಿದಳು.